ಬ್ಯಾಡ್ ನಾರ್ತ್‌ನಲ್ಲಿ ನಿಲ್ಲೋದು ಕಲಿತೆ

ಬ್ಯಾಡ್ ನಾರ್ತ್ ಅನ್ನೋ ವಿಡಿಯೋ ಗೇಮ್‌ನಲ್ಲಿ ಮೊದಮೊದಲು ನಾನು ಸೋಲುತ್ತಿದ್ದುದು ಸೈನಿಕರು ಕಮ್ಮಿ ಇದ್ದರು ಅಂತಲ್ಲ. ಅವರನ್ನು ಒಂದು ಕಡೆ ನಿಲ್ಲೋಕೆ ಬಿಡುತ್ತಿರಲಿಲ್ಲ, ಅದಕ್ಕೆ.

ಸ್ವೀಡನ್ನಿನ ಪ್ಲಾಸಿಬಲ್ ಕಾನ್ಸೆಪ್ಟ್ ಅನ್ನೋ ಪುಟ್ಟ ತಂಡ 2018ರಲ್ಲಿ ಹೊರತಂದ ಆಟ ಇದು. ಒಂದು ಚಿಕ್ಕ ದ್ವೀಪ, ಅದರ ಮೇಲೆ ಕೆಲವು ಮನೆ, ಸುತ್ತಲೂ ಮಂಜು. ಮಂಜಿನೊಳಗಿಂದ ವೈಕಿಂಗ್ ಅನ್ನೋ ಕಡಲ ದಾಳಿಕೋರರ ದೋಣಿಗಳು ಬರುತ್ತವೆ. ನಾನು ಏಜ್ ಆಫ್ ಎಂಪೈರ್ಸ್ ಆಡಿ ಬೆಳೆದವನು. ಅದರಲ್ಲಿದ್ದ ಹಾಗೆ ಇಲ್ಲಿ ಮರ ಕಡಿಯೋದು, ಚಿನ್ನ ಅಗೆಯೋದು, ಕೋಟೆ ಕಟ್ಟೋದು ಯಾವುದೂ ಇಲ್ಲ. ಒಂದು ದ್ವೀಪಕ್ಕೆ ಹೆಚ್ಚೆಂದರೆ ನಾಲ್ಕು ತುಕಡಿ. ತುಕಡಿಯನ್ನು ಆರಿಸಿಕೊಂಡರೆ ಆಟ ನಿಧಾನವಾಗುತ್ತದೆ, ಹೋಗಬೇಕಾದ ಚೌಕ ಒತ್ತಬೇಕು. ನಮ್ಮ ಕೈಲಿರೋದು ಅಷ್ಟೇ. ಹೊಡೆದಾಟ ಅವರೇ ಮಾಡಿಕೊಳ್ಳುತ್ತಾರೆ.

ಮೂರು ಥರದ ತುಕಡಿಗಳಿವೆ. ಕತ್ತಿ-ಗುರಾಣಿಯವರು ಬಾಣ ತಡೆಯುತ್ತಾರೆ. ಬಿಲ್ಲಿನವರು ದೂರದಿಂದಲೇ ದೋಣಿ ಖಾಲಿ ಮಾಡುತ್ತಾರೆ, ಶತ್ರು ಹತ್ತಿರ ಬಂದರೆ ಕೈಚೆಲ್ಲುತ್ತಾರೆ. ನನಗೆ ಪಾಠ ಕಲಿಸಿದ್ದು ಈಟಿಯವರು. ನಿಂತಾಗ ಅವರನ್ನು ದಾಟಿ ಬರೋದು ಬಹಳ ಕಷ್ಟ. ಆದರೆ ನಡೆಯುವಾಗ ಈಟಿ ಮೇಲೆತ್ತಿಕೊಂಡಿರುತ್ತಾರೆ, ಆಗ ಹೊಡೆಯೋಕೆ ಆಗಲ್ಲ.

ಒಂದು ದ್ವೀಪ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಡದಡದಲ್ಲಿ ಒಂದು ದೋಣಿ ಬಂತು. ಈಟಿಯವರನ್ನು ನೀರಿನಂಚಿಗೇ ತಂದು ನಿಲ್ಲಿಸಿದೆ. ದೋಣಿ ದಡಕ್ಕೆ ಗುದ್ದಿದ ರಭಸಕ್ಕೆ ಸಾಲು ಚದುರಿತು. ಅವರು ಸಾವರಿಸಿಕೊಳ್ಳುವ ಮೊದಲೇ ಬಲಗಡೆ ಇನ್ನೊಂದು ದೋಣಿ ಕಾಣಿಸಿತು. ಗಾಬರಿಯಲ್ಲಿ ಆ ಕಡೆ ಓಡಿಸಿದೆ. ಹಿಂದಿನಿಂದ ಕೊಡಲಿಗಳು ಬಿದ್ದವು. ಒಂಬತ್ತು ಜನರಲ್ಲಿ ಉಳಿದದ್ದು ನಾಯಕ ಒಬ್ಬನೇ, ಕೊನೆಗೆ ಅವನೂ ಹೋದ. ಈ ಆಟದಲ್ಲಿ ಸತ್ತ ನಾಯಕ ಮತ್ತೆ ಬರಲ್ಲ. ಹುಲ್ಲಿನ ಮೇಲೆ ಕೆಂಪು ಕಲೆ ಹಾಗೇ ಉಳಿದಿತ್ತು. ನಿಜಕ್ಕೂ ಬೇಜಾರಾಯಿತು.

ಆಮೇಲೆ ಎರಡು ಅಭ್ಯಾಸ ಮಾಡಿಕೊಂಡೆ. ಈಟಿಯವರನ್ನು ದಡದಿಂದ ಒಂದು ಚೌಕ ಹಿಂದೆ, ದಾರಿ ಕಿರಿದಾಗುವ ಜಾಗದಲ್ಲಿ ನಿಲ್ಲಿಸೋದು. ದೋಣಿ ಗುದ್ದಿದರೂ ಸಾಲು ಕದಲಲ್ಲ, ಇಳಿದವರು ನೇರ ಈಟಿಗೇ ಬರುತ್ತಾರೆ. ಬಿಲ್ಲಿನವರಿಗೆ ಎರಡು ದಡ ಕಾಣುವ ಎತ್ತರದ ಜಾಗ. ಓಡಾಟವೆಲ್ಲ ಕತ್ತಿಯವರದ್ದು. ಬಿಲ್ಲು ಹಿಡಿದ ವೈಕಿಂಗ್‌ಗಳು ಬಂದರೆ ಮಾತ್ರ ಈಟಿಯವರನ್ನು ಸರಿಸಲೇಬೇಕು, ಅವರಿಗೆ ಗುರಾಣಿ ಇಲ್ಲವಲ್ಲ.

ಒಂದು ದ್ವೀಪದ ತಂತ್ರವನ್ನೇ ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ದ್ವೀಪಗಳನ್ನು ಪ್ರೋಗ್ರಾಮೇ ಹುಟ್ಟಿಸುತ್ತದೆ. ಆಟ ಮಾಡಿದ ತಂಡದ ಆಸ್ಕರ್ ಸ್ಟಾಲ್ಬರ್ಗ್ ಇದಕ್ಕೆ ಬಳಸಿದ್ದು ವೇವ್ ಫಂಕ್ಷನ್ ಕೊಲ್ಯಾಪ್ಸ್ ಅನ್ನೋ ವಿಧಾನ. ಪಕ್ಕದ ತುಂಡಿಗೆ ಯಾವ ತುಂಡು ಕೂಡುತ್ತದೆ ಅಂತ ನೋಡಿ ನೋಡಿ ಜೋಡಿಸುತ್ತಾ ಹೋಗೋದು. ಅದಕ್ಕೇ ಪ್ರತಿ ಬಂಡೆ, ಪ್ರತಿ ಮೆಟ್ಟಿಲು ಯಾರೋ ಕೈಯಾರೆ ಕೆತ್ತಿದ ಹಾಗೆ ಕಾಣುತ್ತದೆ. ಸುಮ್ನೆ ತಿರುಗಿಸಿ ನೋಡೋಕೂ ಖುಷಿ.

ಮನೆ ಉಳಿಸಿದಷ್ಟೂ ನಾಣ್ಯ ಜಾಸ್ತಿ. ಮೊದಲು ಒಂದು ಮನೆ ಸುಟ್ಟರೂ ತಡೆಯಲಾಗುತ್ತಿರಲಿಲ್ಲ, ತುಕಡಿಯನ್ನೆಲ್ಲ ಅಲ್ಲಿಗೇ ನುಗ್ಗಿಸುತ್ತಿದ್ದೆ. ಈಗ ಮನೆ ಹೋದರೆ ಹೋಗಲಿ, ನಾಯಕ ಉಳಿಯಬೇಕು ಅಂತ ಆಡುತ್ತೇನೆ. ತೀರಾ ಕೈಮೀರಿದರೆ ವೈಕಿಂಗ್‌ಗಳು ಬಂದ ದೋಣಿಯನ್ನೇ ಹತ್ತಿ ಪಾರಾಗಬಹುದು.

ಕಳೆದ ವಾರ ಹಾಗೇ ಆಯಿತು. ದೈತ್ಯರು ತುಂಬಿದ ದೋಣಿ ಬಂತು, ಕತ್ತಿಯವರು ನಾಯಕನೂ ಸೇರಿ ಇಬ್ಬರೇ ಉಳಿದರು. ಖಾಲಿ ದೋಣಿ ಎರಡು ಚೌಕ ಆಚೆ ಇತ್ತು. ಹತ್ತಿಸಿದೆ. ಹಿಂದೆ ಮನೆ ಉರಿಯುತ್ತಿತ್ತು, ದೋಣಿ ಮೆಲ್ಲಗೆ ಮಂಜಿನೊಳಗೆ ಹೋಯಿತು. ಮುಂದಿನ ದ್ವೀಪದಲ್ಲಿ ಅದೇ ನಾಯಕ ಪೂರ್ತಿ ತುಕಡಿ ಜೊತೆ ನಿಂತಿದ್ದ.