ಅತ್ತೆಗೊಂದು ಕರಿಬೇವು, ಚಿಟ್ಟೆಗೊಂದು

ನಮ್ಮ ಮನೆ ಸಾಗರದಲ್ಲಿ. ಹಿತ್ತಲೇನೂ ದೊಡ್ಡದಲ್ಲ, ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ಹಳೇ ಅಪ್ಪೆಮಿಡಿ ಮರ ಬಿಟ್ಟರೆ ಉಳಿದ ಜಾಗ ನನ್ನದು. ಆರು ವರ್ಷದ ಹಿಂದೆ ಹಕ್ಕಿ-ಚಿಟ್ಟೆ ಬರುವಂಥ ತೋಟ ಮಾಡಬೇಕೆಂಬ ಹುಚ್ಚು ಹತ್ತಿತು. ಯೂಟ್ಯೂಬ್ ತೆರೆದರೆ ಬರೀ ಹಮ್ಮಿಂಗ್‌ಬರ್ಡ್ ತೋಟಗಳು. ಆ ಹಕ್ಕಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಮಕರಂದ ಹೀರಲು ಬರುವುದು ಸೂರಕ್ಕಿ. ಎರಡಕ್ಕೂ ಒಂದೇ ಲೆಕ್ಕ ಅಂದುಕೊಂಡು ಜಗಲಿ ತುಂಬ ಪೆಟೂನಿಯಾ ಕುಂಡ ತೂಗುಹಾಕಿದೆ. ಒಂದು ಸೂರಕ್ಕಿಯೂ ತಿರುಗಿ ನೋಡಲಿಲ್ಲ.

ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಸೂರಕ್ಕಿಯೂ ಒಂದೆರಡು ಕ್ಷಣ ಹಾಗೆ ನಿಂತೀತು, ಆದರೆ ಅದಕ್ಕೆ ಕೂತು ಕುಡಿಯುವುದೇ ಇಷ್ಟ. ಅಂದರೆ ಹೂವಿನ ಪಕ್ಕ ಗಟ್ಟಿ ಕಡ್ಡಿ ಬೇಕು. ಇದು ತಲೆಗೆ ಹೋದ ಮೇಲೆ ಮಳೆಗಾಲದ ಶುರುವಿನಲ್ಲಿ ಐದೆಸಳಿನ ಕೆಂಪು ದಾಸವಾಳದ ಗೆಲ್ಲು ಊರಿದೆ, ರತ್ನಗಂಧಿ ಬೀಜ ಹಾಕಿದೆ. ನರ್ಸರಿಯಿಂದ ದುಡ್ಡು ಕೊಟ್ಟು ತಂದ ಮುದ್ದೆ ದಾಸವಾಳಕ್ಕೆ ಈಗಲೂ ಗಿರಾಕಿ ಕಡಿಮೆ. ಪುಕ್ಕಟೆ ಸಿಕ್ಕಿದ ಕೆಂಪು ದಾಸವಾಳದಲ್ಲಿ ಬೆಳಗಾದರೆ ಗಲಾಟೆ. ಒಳಗೆ ಕೊಕ್ಕು ಹಾಕುವ ತಾಳ್ಮೆಯಿಲ್ಲದೆ ಹೂವಿನ ಬುಡಕ್ಕೆ ಹೊರಗಿನಿಂದ ಚುಚ್ಚಿ ಕುಡಿಯುವ ಕಳ್ಳರೂ ಇದ್ದಾರೆ.

ಚಿಟ್ಟೆಯ ವಿಷಯಕ್ಕೆ ಬಂದರೆ ನಾನು ಹೂವನ್ನೇ ನೋಡುತ್ತಿದ್ದೆ, ಅದು ಎಲೆ ಹುಡುಕುತ್ತಿತ್ತು. ಹೂವಿಗೆ ಬಂದ ಚಿಟ್ಟೆ ಕುಡಿದು ಹೋಗುತ್ತದೆ. ಮೊಟ್ಟೆ ಇಡುವುದು ಮರಿ ತಿನ್ನುವ ಎಲೆಯ ಮೇಲೆ. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಸಣ್ಣ ಹುಳ ಕಂಡಾಗ ಅತ್ತೆ ಬೂದಿ ತಂದರು. ನಾನು ತಡೆದೆ. ಹುಳ ದೊಡ್ಡದಾಗುತ್ತ ಹಸಿರಾಯಿತು, ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ನಾತ ಬಿಟ್ಟಿತು. ವಾರದಲ್ಲಿ ಗಿಡ ಬೋಳು! "ಎಂತದೇ ಮಾರಾಯ್ತಿ, ಒಗ್ಗರಣೆಗೆ ನಾಲ್ಕೆಸಳು ಇಲ್ಲ" ಎಂದರು ಅತ್ತೆ. ಆ ವರ್ಷವೇ ಬಾವಿಯ ಆಚೆ ಇನ್ನೊಂದು ಕರಿಬೇವು ನೆಟ್ಟೆ. ಅಡುಗೆಮನೆ ಬಾಗಿಲಿನದು ಅತ್ತೆಯದು. ಅದರಲ್ಲಿ ಹುಳ ಕಂಡರೆ ಎಲೆ ಸಮೇತ ಎತ್ತಿ ಆಚೆ ಗಿಡಕ್ಕೆ ಸಾಗಿಸುವುದು ನನ್ನ ಕೆಲಸ.

ಎಕ್ಕಕ್ಕೆ ಆದ ಜಗಳ ಇನ್ನೂ ಜೋರು. 'ಎಕ್ಕುಟ್ಟೋಗಲಿ' ಅಂತ ಶಾಪ ಹಾಕುವ ಗಿಡವನ್ನು ಹಿತ್ತಲಿಗೆ ಯಾರು ತರುತ್ತಾರೆ? ರಸ್ತೆ ಬದಿಯಿಂದ ಕಿತ್ತು ತಂದ ಎರಡು ಗಿಡ ಸತ್ತವು, ಬೇರು ಅಷ್ಟು ಆಳ. ಬೀಜ ಹಾಕಿದ್ದು ಬಂತು, ಅದೂ ನೀರು ನಿಲ್ಲದ ದಿಬ್ಬದ ಮೇಲೆ. ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆ ಪಟ್ಟೆ ಹುಳ ಅದನ್ನೇ ತಿನ್ನುತ್ತದೆ. ಎಕ್ಕದ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ರಥಸಪ್ತಮಿಗೆ ಎಲೆ ಕೇಳಿಕೊಂಡು ಅಕ್ಕಪಕ್ಕದವರು ಬರತೊಡಗಿದ ಮೇಲೆ ಮನೆಯಲ್ಲಿ ಮಾತು ನಿಂತಿತು.

ಈಶ್ವರಿ ಬಳ್ಳಿಗೆ ಮೂರನೇ ವರ್ಷ ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆ ಬಂತು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದೂ ಇದರ ಮೇಲೆಯೇ, ಆದರೆ ನಮ್ಮ ಹಿತ್ತಲಿಗೆ ಇನ್ನೂ ದಯಮಾಡಿಸಿಲ್ಲ. ತಾನಾಗಿ ಹುಟ್ಟುವ ಚಗಟೆಯನ್ನು ಅರ್ಧ ಕಿತ್ತು ಅರ್ಧ ಬಿಡುತ್ತೇನೆ, ಸಣ್ಣ ಹಳದಿ ಚಿಟ್ಟೆಗಳಿಗೆ. ಔಷಧಿ ಹೊಡೆಯುವುದಿಲ್ಲ, ಸೂರಕ್ಕಿ ತನ್ನ ಮರಿಗೆ ಕೊಡುವುದು ಹುಳ, ಜೇಡಗಳನ್ನು.

ಇಷ್ಟೆಲ್ಲ ನೆಟ್ಟರೂ ಹಿತ್ತಲಿನಲ್ಲಿ ಅತಿ ಹೆಚ್ಚು ಗಿರಾಕಿ ಇರುವುದು ನಾನು ನೆಡದ ಒಂದಕ್ಕೆ: ಅಪ್ಪೆಮಿಡಿ ಮರದ ಬಂದಳಿಕೆ. ಅದರ ಕೊಳವೆ ಹೂವಿಗೆ ಸೂರಕ್ಕಿ, ಹಣ್ಣಿಗೆ ಬದನಿಕೆ ಹಕ್ಕಿ, ಎಲೆಗೆ ಜೆಜೆಬೆಲ್ ಚಿಟ್ಟೆಯ ಮರಿಗಳು. ಮರದ ಸತ್ವ ಹೀರುತ್ತದೆ, ಬಿಟ್ಟರೆ ಕೊಂಬೆಯಿಂದ ಕೊಂಬೆಗೆ ಹಬ್ಬುತ್ತದೆ. ಹಾಗಾಗಿ ಪ್ರತಿವರ್ಷ ಮರ ಹತ್ತಿಸಿ ಉಳಿದದ್ದೆಲ್ಲ ಕಡಿಸಿ, ತೆಂಕು ಕೊಂಬೆಯ ಒಂದೇ ಹಿಂಡನ್ನು ಉಳಿಸುತ್ತೇನೆ. ಮಿಡಿ ಕಡಿಮೆ ಬಿಟ್ಟ ವರ್ಷ ಅತ್ತೆ ಉಪ್ಪಿನಕಾಯಿ ಭರಣಿ ಒರೆಸುತ್ತ ಆ ಕೊಂಬೆಯನ್ನೇ ನೋಡುತ್ತಾರೆ.