ಉತ್ತರದ ತುದಿಯ ಎರಡು ಊರು: ವಿಮಾನದ ದೂರ ಲೆಕ್ಕ ಹಾಕೋದು ಹೇಗೆ

ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಉತ್ತರ ಧ್ರುವದ ಕಡೆಯ ಊರುಗಳ ದೂರ ಅಳೆಯಬೇಡಿ. ನಾನು ವಿಜಯಪುರದ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಈ ಪಾಠದಲ್ಲಿ ನನ್ನ ಮೊದಲ ಮಾತೇ ಇದು. ಧ್ರುವದ ಕಡೆಯದನ್ನೆಲ್ಲ ಹಿಗ್ಗಿಸಿ ತೋರಿಸುವ ಮರ್ಕೇಟರ್ ಎಂಬ ಚಪ್ಪಟೆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತೆ. ನಿಜವಾಗಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು.

ಕೆನಡಾದ ಉತ್ತರದ ಪ್ರಾಂತ್ಯ ನುನಾವುಟ್‌ನ ಎರಡು ಊರು ತಗೊಳ್ಳೋಣ. ರೆಸೊಲ್ಯೂಟ್ 74°42′ ಉತ್ತರ, 94°50′ ಪಶ್ಚಿಮದಲ್ಲಿದೆ. ಗ್ರೀಸ್ ಫಿಯೋರ್ಡ್ 76°25′ ಉತ್ತರ, 82°54′ ಪಶ್ಚಿಮದಲ್ಲಿದೆ. ನಡುವೆ ರಸ್ತೆಯೇ ಇಲ್ಲ, ವರ್ಷದ ಬಹುಪಾಲು ಸಮುದ್ರ ಹೆಪ್ಪುಗಟ್ಟಿರುತ್ತೆ. 1953ರಲ್ಲಿ ಕೆನಡಾ ಸರ್ಕಾರ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಕುಟುಂಬಗಳನ್ನು ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಎಬ್ಬಿಸಿ ಈ ಕಡೆ ತಂದುಬಿಟ್ಟಿತು. ಕ್ಷಮೆ ಕೇಳಿದ್ದು 2010ರಲ್ಲಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಮಕ್ಕಳು ನಮ್ಮ ಕಡೆ ಇದ್ದಾರಲ್ವಾ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕ. ಮೊದಲು ಮಿನಿಟುಗಳನ್ನು 60ರಿಂದ ಭಾಗಿಸಿ ದಶಮಾಂಶ ಮಾಡಿಕೊಳ್ಳಿ. ಅಕ್ಷಾಂಶದ ವ್ಯತ್ಯಾಸ 1.72 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಹೋದರೂ ಸುಮಾರು 111.2 ಕಿ.ಮೀ., ಹಾಗಾಗಿ ಉತ್ತರಕ್ಕೆ 191 ಕಿ.ಮೀ. ಬಾಗಲಕೋಟೆ ನಮಗೆ ಹೆಚ್ಚೂಕಡಿಮೆ ನೇರ ದಕ್ಷಿಣಕ್ಕಿದೆ. ಅಲ್ಲಿಗಾದರೆ ಲೆಕ್ಕ ಇಷ್ಟಕ್ಕೇ ಮುಗಿಯುತ್ತೆ.

ರೇಖಾಂಶದಲ್ಲಿ ಮಾತ್ರ ಹುಷಾರು. ಅದರ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಬರುತ್ತವೆ. ವಿಜಯಪುರದಲ್ಲಿ ಒಂದು ಡಿಗ್ರಿ ಅಂದರೆ 106 ಕಿ.ಮೀ. ದಾಟುತ್ತೆ. ಆ ಊರುಗಳ ಮಧ್ಯದ ಅಕ್ಷಾಂಶ 75.56. ಗೆರೆಗಳು ಎಷ್ಟು ಹತ್ತಿರ ಬಂದಿವೆ ಅನ್ನೋದನ್ನು ಅಕ್ಷಾಂಶದ ಕಾಸ್ (ತ್ರಿಕೋನಮಿತಿಯ ಕೊಸೈನ್) ಹೇಳುತ್ತೆ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 75.56ರ ಕಾಸ್ ಒತ್ತಿ, 0.249 ಬರಬೇಕು. ಬೇರೇನಾದರೂ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್ ಎಂಬ ಕೋನದ ಇನ್ನೊಂದು ಅಳತೆಯಲ್ಲಿದೆ, ಡಿಗ್ರಿಗೆ ಬದಲಾಯಿಸಿ. 111.2ನ್ನು 0.249ರಿಂದ ಗುಣಿಸಿದರೆ 27.7 ಕಿ.ಮೀ., ಅಂದರೆ ನಮ್ಮ ಕಡೆಯ ಕಾಲು ಭಾಗ! ರೇಖಾಂಶದ ವ್ಯತ್ಯಾಸ 11.93 ಡಿಗ್ರಿ, ಗುಣಿಸಿದರೆ ಪೂರ್ವಕ್ಕೆ ಸುಮಾರು 331 ಕಿ.ಮೀ. ಕಾಸ್ ಬಿಟ್ಟಿದ್ದರೆ 1,300 ದಾಟುತ್ತಿತ್ತು.

ಉಳಿದದ್ದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗೊತ್ತಿರುವ ಪೈಥಾಗೊರಸ್. 191ರ ವರ್ಗ, 331ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 382 ಕಿ.ಮೀ. ಟ್ವಿನ್ ಆಟರ್‌ನಂಥ ಸಣ್ಣ ವಿಮಾನಕ್ಕೆ ಸುಮಾರು ಒಂದೂವರೆ ಗಂಟೆಯ ಹಾದಿ.

ಊರುಗಳು ಇನ್ನೂ ದೂರ ಇದ್ದರೆ ಈ ಸುಲಭದ ದಾರಿ ಸಾಲದು. ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಿಂದ ರೆಸೊಲ್ಯೂಟ್‌ಗೆ ಇದು 1,600 ಅನ್ನುತ್ತೆ, ಸರಿಯಾದದ್ದು ಸುಮಾರು 1,570. ಅಂಥ ಕಡೆ ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅದಕ್ಕೆ ಎರಡರ ಕಾಸ್ ಮತ್ತು ರೇಖಾಂಶ ವ್ಯತ್ಯಾಸದ ಕಾಸ್, ಈ ಮೂರರ ಗುಣಲಬ್ಧ ಕೂಡಿಸಿ. ಬಂದದ್ದರ ವಿಲೋಮ ಕಾಸ್ (cos⁻¹) ಡಿಗ್ರಿಯಲ್ಲಿ ತೆಗೆದು 111.2ರಿಂದ ಗುಣಿಸಿದರೆ ಆಯಿತು. ಕ್ಲಾಸಿನಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದು ತಾಳೆ ನೋಡಿ. 30 ಸೆಂ.ಮೀ. ಅಗಲದ ಗ್ಲೋಬ್‌ನಲ್ಲಿ ಒಂದು ಸೆಂ.ಮೀ. ದಾರ ಅಂದರೆ ಸುಮಾರು 425 ಕಿ.ಮೀ.