ಪಾಸ್ಟರ್ ಮನೆಯ ವಾರ: ಸೇವೆಗೂ ಸಂಸಾರಕ್ಕೂ ಒಂದೇ ಡೈರಿ

ಸಭಾಪಾಲಕರ, ಅಂದರೆ ಚರ್ಚಿನ ಪಾಸ್ಟರ್ ಆದವರ, ಕೆಲಸಕ್ಕೆ ಬಾಗಿಲು ಹಾಕುವ ಹೊತ್ತು ಅಂತ ಇಲ್ಲ. ಇವತ್ತಿನ ಭೇಟಿಗಳು ಮುಗಿದವು ಎನ್ನುವಷ್ಟರಲ್ಲಿ ಫೋನ್ ಬರುತ್ತದೆ. ಒಂದು ಪ್ರಸಂಗ (ಆರಾಧನೆಯಲ್ಲಿ ಕೊಡುವ ಉಪದೇಶ) ಮುಗಿದ ಸಂಜೆಯೇ ಮುಂದಿನ ಪ್ರಸಂಗದ ಚಿಂತೆ ಶುರುವಾಗುತ್ತದೆ. ಆದ್ದರಿಂದ "ಕೆಲಸ ಮುಗಿದ ಮೇಲೆ ಮನೆಯವರಿಗೆ ಸಮಯ ಕೊಡುತ್ತೇನೆ" ಎಂಬ ಲೆಕ್ಕ ಪಾಸ್ಟರ್ ಮನೆಯಲ್ಲಿ ಯಾವತ್ತೂ ಕೂಡಿ ಬರುವುದಿಲ್ಲ. ಮನೆಯ ಸಮಯವನ್ನು ಮೊದಲು ಡೈರಿಯಲ್ಲಿ ಬರೆದು, ಉಳಿದ ಜಾಗದಲ್ಲಿ ಸೇವೆಯನ್ನು ಕೂರಿಸಬೇಕು. ಕೇಳಲು ಒರಟಾಗಿ ಕಂಡರೂ ಇದು ನಡೆಯುವ ದಾರಿ.

ಇನ್ನೊಂದು ಮಾತು. ಹೆಂಡತಿ ಮಕ್ಕಳು ಬೇಸತ್ತು ಹೋಗುವುದು ಪಾಸ್ಟರ್ ಹೆಚ್ಚು ದುಡಿಯುತ್ತಾರೆ ಎಂಬುದಕ್ಕಿಂತ, ಅವರು ಯಾವಾಗ ಸಿಗುತ್ತಾರೆ ಎಂದು ಗೊತ್ತಾಗದೆ ಇರುವುದಕ್ಕೆ. ವಾರಕ್ಕೆ ನಾಲ್ಕೇ ಸಂಜೆ ಮನೆಯಲ್ಲಿದ್ದರೂ, ಆ ನಾಲ್ಕು ಯಾವುವು ಎಂದು ಗೊತ್ತಿರುವ ಮನೆ ನೆಮ್ಮದಿಯಾಗಿರುತ್ತದೆ. ಏಳು ಸಂಜೆಯೂ "ನೋಡೋಣ" ಎನ್ನುವ ಮನೆ ಸೋಲುತ್ತದೆ.

ಮೊದಲು ವಾರವನ್ನು ತುಂಡು ಮಾಡಿ

ಒಂದು ದಿನಕ್ಕೆ ಮೂರು ಭಾಗ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ವಾರಕ್ಕೆ 21 ಭಾಗ. ಇದರಲ್ಲಿ ಎರಡು ನಿಯಮ ಸಾಕು. ಯಾವ ದಿನವೂ ಮೂರು ಭಾಗವನ್ನೂ ಸೇವೆಗೆ ಕೊಡಬೇಡಿ. ವಾರದಲ್ಲಿ ಮೂರಕ್ಕಿಂತ ಹೆಚ್ಚು ಸಂಜೆ ಹೊರಗಿರಬೇಡಿ. ಪೂರ್ಣಾವಧಿ ಸೇವೆಯಲ್ಲಿರುವವರಿಗೆ 12 ಭಾಗದ ಒಂದು ಮಾದರಿ ಹೀಗಿರುತ್ತದೆ:

ಭಾನುವಾರ: ಬೆಳಿಗ್ಗೆ ಆರಾಧನೆ, ಸಂಜೆ ಕೂಟ. ಮಧ್ಯಾಹ್ನ ಮನೆ.
ಸೋಮವಾರ: ಬೆಳಿಗ್ಗೆ ಪತ್ರ, ಲೆಕ್ಕ, ಫೋನ್ ಕರೆಗಳು. ಮಧ್ಯಾಹ್ನ ಆಸ್ಪತ್ರೆ ಭೇಟಿ. ಸಂಜೆ ಮನೆ.
ಮಂಗಳವಾರ: ಬೆಳಿಗ್ಗೆ ಪ್ರಸಂಗದ ಸಿದ್ಧತೆ. ಮಧ್ಯಾಹ್ನ ಮನೆ ಭೇಟಿ. ಸಂಜೆ ಮನೆ.
ಬುಧವಾರ: ಬೆಳಿಗ್ಗೆ ಸಿದ್ಧತೆ. ಸಂಜೆ ಪ್ರಾರ್ಥನಾ ಕೂಟ.
ಗುರುವಾರ: ಬೆಳಿಗ್ಗೆ ಪ್ರಸಂಗ ಮುಗಿಸುವುದು. ಸಂಜೆ ವಿಶ್ವಾಸಿಗಳ ಮನೆಯಲ್ಲಿ ಪ್ರಾರ್ಥನೆ.
ಶುಕ್ರವಾರ: ಬಿಡುವು.
ಶನಿವಾರ: ಬೆಳಿಗ್ಗೆ ಆಪ್ತ ಸಮಾಲೋಚನೆ. ಮಧ್ಯಾಹ್ನ ಸ್ವಂತ ಓದು, ಧ್ಯಾನ. ಸಂಜೆ ಮನೆ.

ಈ ಪಟ್ಟಿಯನ್ನು ಹಾಗೇ ನಕಲು ಮಾಡಬೇಕಿಲ್ಲ, ನಿಮ್ಮ ಸಭೆಯ, ಅಂದರೆ ಚರ್ಚಿನ, ಕೂಟಗಳ ದಿನ ಬೇರೆ ಇರಬಹುದು. ಆದರೆ ಒಂದು ಮೋಸ ಗಮನಿಸಿ. ಬುಧವಾರ, ಗುರುವಾರ ಮಧ್ಯಾಹ್ನ ನೀವು ಮನೆಯಲ್ಲಿದ್ದರೂ ಮಕ್ಕಳು ಶಾಲೆಯಲ್ಲಿರುತ್ತಾರೆ. ಅದು ಸಂಗಾತಿಯ ಜೊತೆ ಕೂರಲು, ವಿಶ್ರಾಂತಿಗೆ ಒಳ್ಳೆಯ ಹೊತ್ತು, ಮಕ್ಕಳ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಒಂದು ಸಂಜೆಯ ಬೆಲೆ ಎರಡು ಮಧ್ಯಾಹ್ನಕ್ಕೆ ಸಮ. ಯಾವುದಾದರೂ ಹೊಸ ಕೂಟ ಶುರು ಮಾಡಬೇಕೆಂದು ಹಿರಿಯರು (ಸಭೆಯ ಹೊಣೆ ಹೊತ್ತವರು) ಕೇಳಿದಾಗ ಮೊದಲು ನೋಡಬೇಕಾದದ್ದು ಇದನ್ನೇ. ಸಂಜೆ ಬೇಕೆಂದರೆ ಹಳೆಯ ಯಾವ ಸಂಜೆ ಕೂಟವನ್ನು ಬಿಡುತ್ತೀರಿ ಎಂದು ಕೇಳಿ.

ಬೇರೆ ಉದ್ಯೋಗ ಮಾಡಿಕೊಂಡು ಸಭೆ ನಡೆಸುವವರಿಗೆ ಈ 12 ಭಾಗ ಸಾಧ್ಯವೇ ಇಲ್ಲ. ಭಾನುವಾರ ಬೆಳಿಗ್ಗೆ, ವಾರದಲ್ಲಿ ಎರಡು ಸಂಜೆ, ಶನಿವಾರ ಬೆಳಿಗ್ಗೆ: ಒಟ್ಟು ನಾಲ್ಕು ಭಾಗ. ಅದಕ್ಕೆ ಹಿಡಿಸುವಷ್ಟು ಕೂಟಗಳನ್ನು ಮಾತ್ರ ಇಟ್ಟುಕೊಳ್ಳಿ. ಪೂರ್ಣಾವಧಿ ಪಾಸ್ಟರ್ ನಡೆಸುವ ಸಭೆಯ ಕಾರ್ಯಕ್ರಮಗಳನ್ನು ನೋಡಿ ಅಷ್ಟನ್ನೂ ನಡೆಸಲು ಹೋದರೆ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ತಾಳ್ಮೆ.

ಬಿಡುವಿನ ದಿನ ಯಾವುದು?

ಹೆಚ್ಚಿನವರು ಸೋಮವಾರ ಇಟ್ಟುಕೊಳ್ಳುತ್ತಾರೆ. ಭಾನುವಾರ ಎರಡು ಕೂಟ ನಡೆಸಿ, ಹತ್ತಾರು ಜನರ ಕಷ್ಟ ಕೇಳಿ ಬಂದ ದೇಹಕ್ಕೆ ಸೋಮವಾರ ಮಲಗಿದರೆ ಸಾಕು ಅನ್ನಿಸಿರುತ್ತದೆ. ಹಾಗಾಗಿ ಮನೆಯವರಿಗೆ ಸಿಗುವುದು ನಿಮ್ಮ ಆಯಾಸದ ದಿನ. ಪ್ರಸಂಗವನ್ನು ಗುರುವಾರ ಮುಗಿಸಿ ಶುಕ್ರವಾರ ಬಿಡುವು ತೆಗೆದುಕೊಂಡರೆ ತಲೆ ಹಗುರವಾಗಿರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಮಂಗಳವಾರವೇ ಪ್ರಸಂಗಕ್ಕೆ ಆರಿಸಿದ ಬೈಬಲ್ ವಾಕ್ಯಭಾಗ ಹಿಡಿದು ಕೂರುವುದು. ಮಂಗಳವಾರ ವಾಕ್ಯಭಾಗ ಓದಿ ಟಿಪ್ಪಣಿ, ಬುಧವಾರ ಹಂದರ, ಗುರುವಾರ ಪೂರ್ತಿ ಬರಹ. ಶನಿವಾರ ಅರ್ಧ ಗಂಟೆ ಜೋರಾಗಿ ಓದಿಕೊಂಡರೆ ಆಯಿತು. ಶನಿವಾರ ರಾತ್ರಿ ಪ್ರಸಂಗ ಬರೆಯುವ ಅಭ್ಯಾಸವೊಂದೇ ಎಷ್ಟೋ ಮನೆಗಳ ವಾರಾಂತ್ಯವನ್ನು ತಿಂದು ಹಾಕುತ್ತದೆ. ಮನೆಯವರೆಲ್ಲ ಪಿಸುಮಾತಿನಲ್ಲಿ ಓಡಾಡಬೇಕು, ಮಕ್ಕಳು ನಕ್ಕರೆ ಗದರಿಕೆ.

ಬಿಡುವಿನ ದಿನವನ್ನು ಹಿಂದಿನ ಸಂಜೆಯಿಂದಲೇ ಶುರು ಮಾಡುವುದು ಇನ್ನೂ ಒಳ್ಳೆಯದು. ಯೆಹೂದ್ಯರ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಕೂಡ ಸಂಜೆಯಿಂದ ಸಂಜೆಗೆ. ಮೇಲಿನ ಮಾದರಿಯಲ್ಲಿ ಗುರುವಾರ ಸಂಜೆ ಪ್ರಾರ್ಥನೆ ಇರುವುದರಿಂದ ಮನೆಗೆ ಬಂದ ಗಳಿಗೆಯಿಂದ 24 ಗಂಟೆ ಎಣಿಸಿ.

ಆ ದಿನವೇ ಶವಸಂಸ್ಕಾರ ಬಂದರೆ? ಹೋಗಲೇಬೇಕು. ಆದರೆ ಹೊರಡುವ ಮುಂಚೆಯೇ ಬದಲಿ ದಿನವನ್ನು ಡೈರಿಯಲ್ಲಿ ಬರೆದು ಮನೆಯವರಿಗೆ ತೋರಿಸಿ. ಅದು ಅದೇ ವಾರದಲ್ಲಿರಲಿ, ತೀರಾ ಆಗದಿದ್ದರೆ ಮುಂದಿನ ಏಳು ದಿನದೊಳಗಿರಲಿ. ಬರೆಯದ ಬದಲಿ ದಿನ ಬರುವುದೇ ಇಲ್ಲ.

ಫೋನಿಗೊಂದು ಬೇಲಿ

ಬರುವ ಕರೆಗಳನ್ನು ಮೂರು ಬಗೆ ಮಾಡಿ, ಸಭೆಗೂ ಹೇಳಿಬಿಡಿ. ಸಾವು, ಅಪಘಾತ, ಪ್ರಾಣಾಪಾಯದ ಆಸ್ಪತ್ರೆ ಸುದ್ದಿ, ಮನೆಯೊಳಗಿನ ಹೊಡೆತ, ಜೀವ ಕಳೆದುಕೊಳ್ಳುವ ಮಾತು: ಇವು ಯಾವ ಹೊತ್ತಿಗಾದರೂ ಬರಬಹುದು. ಕೊನೆಯ ಎರಡರಲ್ಲಿ ನಿಮ್ಮ ಪ್ರಾರ್ಥನೆಯ ಜೊತೆಗೆ ಪೊಲೀಸರ, ವೈದ್ಯರ ಸಹಾಯವೂ ಕೂಡಲೇ ಬೇಕು, ಒಬ್ಬರೇ ಹೊತ್ತುಕೊಳ್ಳಬೇಡಿ. ಜಗಳ, ಶಸ್ತ್ರಚಿಕಿತ್ಸೆಯ ದಿನಾಂಕ, ಕೆಲಸ ಹೋದ ಸುದ್ದಿ: ಇವಕ್ಕೆ 24 ಗಂಟೆಯೊಳಗೆ ಉತ್ತರ. ಗಾಯನ ತಂಡದ ಮನಸ್ತಾಪ, ಮೈಕಿನ ರಿಪೇರಿ, ಕಾರ್ಯಕ್ರಮದ ಪಟ್ಟಿ: ಇವು ಸೋಮವಾರ ಬೆಳಿಗ್ಗೆಗೆ ಕಾಯುತ್ತವೆ.

ಬಿಡುವಿನ ದಿನ ಮತ್ತು ಮನೆಯ ಸಂಜೆಗಳಲ್ಲಿ ಕರೆ ತೆಗೆದುಕೊಳ್ಳಲು ಹಿರಿಯರೊಬ್ಬರ ಪಾಳಿ ಇರಲಿ. ಮೂರು ನಾಲ್ಕು ಜನ ಸರದಿಯಲ್ಲಿ ಹಂಚಿಕೊಂಡರೆ ಯಾರಿಗೂ ಭಾರವಲ್ಲ. ನಿಮ್ಮ ಫೋನನ್ನು ಸದ್ದು ಮಾಡದಂತೆ ಇಟ್ಟು, ಆ ಹಿರಿಯರ ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಮಾಡಬಹುದು. ಹೆಚ್ಚಿನ ಫೋನ್‌ಗಳಲ್ಲಿ ಆ ಸೌಲಭ್ಯ ಇದೆ. ವಾಟ್ಸಾಪಿಗೆ ಒಂದು ಸಂದೇಶ ಸಿದ್ಧವಾಗಿರಲಿ: "ಇವತ್ತು ಕುಟುಂಬದ ಜೊತೆ ಇದ್ದೇನೆ. ತುರ್ತಾಗಿದ್ದರೆ ಈ ವಾರದ ಪಾಳಿಯ ಹಿರಿಯರಿಗೆ ಫೋನ್ ಮಾಡಿ, ಅವರು ನನ್ನನ್ನು ಕರೆಯುತ್ತಾರೆ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ನಾನೇ ಮಾತಾಡುತ್ತೇನೆ." ನಾಳೆ ಬೆಳಿಗ್ಗೆ ನಿಜವಾಗಿಯೂ ಮಾತಾಡಿ. ಒಮ್ಮೆ ಮರೆತರೆ ಮುಂದಿನ ಸಲ ಜನ ಸೀದಾ ಬಾಗಿಲಿಗೇ ಬರುತ್ತಾರೆ.

ಇದು ಕೆಡುವುದು ಸಾಮಾನ್ಯವಾಗಿ ಪಾಸ್ಟರಿಂದಲೇ. ಎರಡು ಸಲ ಬೇಲಿ ದಾಟಿ ಉತ್ತರಿಸಿದರೆ ಬೇಲಿ ಇಲ್ಲ ಎಂದೇ ಸಭೆ ತಿಳಿಯುತ್ತದೆ.

ಒಬ್ಬರೇ ಹೊರುವ ಕೆಲಸ

ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯವನ್ನು ಎಲ್ಲರೂ ಆಡಳಿತದ ಪಾಠಕ್ಕೆ ಬಳಸುತ್ತಾರೆ. ಬೆಳಗಿನಿಂದ ಸಂಜೆಯ ತನಕ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಗೆ ಮಾವ ಇತ್ರೋ, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಮುಖ್ಯಸ್ಥರನ್ನು ನೇಮಿಸು ಎಂದು ಹೇಳಿಕೊಟ್ಟ. ಅದೇ ಅಧ್ಯಾಯದ ಮೊದಲ ವಚನಗಳನ್ನು ಓದುವವರು ಕಡಿಮೆ. ಇತ್ರೋ ಬಂದದ್ದು ಬರಿಗೈಯಲ್ಲಿ ಅಲ್ಲ. ತವರಿಗೆ ಕಳುಹಿಸಲ್ಪಟ್ಟಿದ್ದ ಮೋಶೆಯ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಜೊತೆಗೆ ಕರೆದುಕೊಂಡೇ ಬಂದ. ಕುಟುಂಬ ಮರಳಿ ಸೇರಿದ ಮಾತು ಮೊದಲು, ಕೆಲಸ ಹಂಚುವ ಮಾತು ಆಮೇಲೆ. ಹಿರಿಯರ ಸಭೆಯಲ್ಲಿ ಈ ವಿಷಯ ಎತ್ತಬೇಕಾದರೆ ಆ ಅಧ್ಯಾಯವನ್ನು ಮೊದಲಿನಿಂದ ಓದಿಸಿ.

ಹಂಚುವಾಗ ಕೆಲಸ ಮಾತ್ರವಲ್ಲ, ತೀರ್ಮಾನವನ್ನೂ ಕೊಡಿ. "ಭೇಟಿಗೆ ಹೋಗಿ ಬಂದು ನನಗೆ ಹೇಳಿ, ನಾನು ನೋಡುತ್ತೇನೆ" ಎಂದರೆ ಒಂದು ಕೆಲಸ ಎರಡಾಯಿತು. ಚರ್ಚಿನ ಬೀಗದ ಕೈ, ಕುರ್ಚಿ ಲೆಕ್ಕ, ಹೂವಿನ ಅಲಂಕಾರ, ಗಾಯನ ತಂಡದ ಅಭ್ಯಾಸದ ವೇಳೆ: ಈ ನಾಲ್ಕು ನಿಮ್ಮ ಮನೆಯಿಂದ ಹೊರಗೆ ಹೋಗಲಿ. ಚರ್ಚಿನ ಆವರಣದಲ್ಲೇ ಮನೆ ಇರುವವರು ಬೀಗದ ಕೈ ಬೇರೊಬ್ಬರಿಗೆ ಕೊಟ್ಟ ದಿನವೇ ವ್ಯತ್ಯಾಸ ಕಾಣುತ್ತಾರೆ. ಸಮಾಲೋಚನೆಯೂ ಮನೆಯ ಹಾಲಿನಲ್ಲಿ ಬೇಡ. ಚರ್ಚಿನ ಕೋಣೆಯಲ್ಲಿ, ಕಟ್ಟಡದಲ್ಲಿ ಇನ್ನೊಬ್ಬರು ಇರುವಾಗ, ಒಂದು ಗಂಟೆಯ ಮಿತಿಯಲ್ಲಿ ನಡೆಯಲಿ. ಮೂರು ನಾಲ್ಕು ಸಲ ಕೂತರೂ ಕದಲದ ಸಮಸ್ಯೆಯನ್ನು ತರಬೇತಾದ ಆಪ್ತ ಸಮಾಲೋಚಕರ ಹತ್ತಿರ ಕಳುಹಿಸಿ.

ಸಂಗಾತಿ ಸಭೆಯ ನೌಕರರಲ್ಲ

ಪಾಸ್ಟರಮ್ಮ ಎಂದ ಮಾತ್ರಕ್ಕೆ ಸ್ತ್ರೀಯರ ಕೂಟ, ಸಂಡೇ ಸ್ಕೂಲ್, ಬಂದವರ ಉಪಚಾರ ಎಲ್ಲವೂ ಅವರ ಹೆಗಲಿಗೆ ಬೀಳುತ್ತದೆ. ಅವರಿಗೆ ಯಾವ ಕೆಲಸದಲ್ಲಿ ವರವೂ ಮನಸ್ಸೂ ಇದೆ ಎಂದು ಅವರನ್ನೇ ಕೇಳಿ. ಒಂದೋ ಎರಡೋ ಆರಿಸಿಕೊಳ್ಳಲಿ, ಉಳಿದದ್ದಕ್ಕೆ "ಇಲ್ಲ" ಎಂದು ಸಭೆಗೆ ಹೇಳುವ ಕೆಲಸ ನಿಮ್ಮದು, ಅವರದಲ್ಲ. ಸಭಾಪಾಲಕಿ ಮಹಿಳೆಯಾಗಿದ್ದರೆ ಗಂಡನ ವಿಷಯದಲ್ಲೂ ಇದೇ ಮಾತು.

ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ಬಿಟ್ಟು ಬೇರೆ ಯಾವಾಗಲಾದರೂ, ಅರ್ಧ ಗಂಟೆ ಇಬ್ಬರೂ ಡೈರಿ ಇಟ್ಟುಕೊಂಡು ಕೂರಿ. ಕೇಳಬೇಕಾದ್ದು ಮೂರೇ: ಕಳೆದ ವಾರ ಕೊಟ್ಟ ಯಾವ ಮಾತು ತಪ್ಪಿತು? ಈ ವಾರ ಯಾವ ಸಂಜೆಗಳು ಮನೆಯವು? ಮಕ್ಕಳಲ್ಲಿ ಯಾರಿಗೆ ಈಗ ಹೆಚ್ಚು ಗಮನ ಬೇಕು? ಹೊರಗಿನ ಸಭೆಗಳಿಂದ ಪ್ರಸಂಗಕ್ಕೆ ಕರೆ ಬಂದಾಗ ಫೋನಿನಲ್ಲೇ ಒಪ್ಪಬೇಡಿ. "ಮನೆಯಲ್ಲಿ ಕೇಳಿ ನಾಳೆ ತಿಳಿಸುತ್ತೇನೆ" ಎನ್ನುವುದರಲ್ಲಿ ಮರ್ಯಾದೆ ಕಡಿಮೆಯಾಗುವುದಿಲ್ಲ.

ಸಮಾಲೋಚನೆಯ ಗುಟ್ಟುಗಳನ್ನು ಸಂಗಾತಿಯ ಮೇಲೆ ಇಳಿಸಬೇಡಿ. ಹೇಳಿದವರಿಗೆ ದ್ರೋಹ, ಕೇಳಿದವರಿಗೆ ಭಾರ. ಭಾನುವಾರ ಅದೇ ಜನರ ಮುಖ ನೋಡಿ ನಗಬೇಕಾದವರು ಅವರು. ಆದರೆ ಪೂರ್ತಿ ಮೌನವೂ ತಪ್ಪು, ಸಿಟ್ಟು ತನ್ನ ಮೇಲೆಯೇ ಎಂದುಕೊಳ್ಳುತ್ತಾರೆ. "ಇವತ್ತು ಭಾರವಾದ ದಿನ, ನಿನ್ನಿಂದಲ್ಲ" ಎಂಬ ಒಂದು ಸಾಲು ಸಾಕು. ಶವಸಂಸ್ಕಾರ ಅಥವಾ ಆಸ್ಪತ್ರೆಯಿಂದ ಬಂದಾಗ ಸೀದಾ ಒಳಗೆ ಹೋಗದೆ ಹತ್ತು ನಿಮಿಷ ಹೊರಗೆ ನಡೆದು, ಪ್ರಾರ್ಥಿಸಿ, ಆಮೇಲೆ ಬಾಗಿಲು ತಟ್ಟಿ.

ಮಕ್ಕಳು

ಇಲ್ಲಿ ಆಗುವ ಗಾಯ ಬೇಗ ಮಾಯುವುದಿಲ್ಲ. ಮಗುವಿಗೆ ಕೊಟ್ಟ ಮಾತು ತಪ್ಪಿದಾಗ "ಕರ್ತನ ಕೆಲಸ ಇತ್ತು" ಎಂದು ಹೇಳಬೇಡಿ. ಮಗು ಕೇಳಿಸಿಕೊಳ್ಳುವುದು ಬೇರೆಯೇ: ಅಪ್ಪನನ್ನು ನನ್ನಿಂದ ಕಿತ್ತುಕೊಳ್ಳುವವನು ದೇವರು. ಅದರ ಬದಲು ಹೀಗೆ ಮಾಡಿ. ಮಾತು ತಪ್ಪುತ್ತದೆ ಎಂದು ಗೊತ್ತಾದ ಗಂಟೆಯೊಳಗೆ ನೀವೇ ಫೋನ್ ಮಾಡಿ ಹೇಳಿ, ಅಮ್ಮನ ಬಾಯಿಂದ ಹೇಳಿಸಬೇಡಿ. "ಒಬ್ಬರು ಕಷ್ಟದಲ್ಲಿದ್ದಾರೆ, ಹೋಗಬೇಕೆಂದು ನಾನು ತೀರ್ಮಾನಿಸಿದೆ, ನಿನಗೆ ಬೇಸರವಾಗುತ್ತೆ ಗೊತ್ತು" ಎಂದು ತೀರ್ಮಾನವನ್ನು ನಿಮ್ಮ ಮೇಲೆ ಹಾಕಿಕೊಳ್ಳಿ. ಬದಲಿ ದಿನ, ಗಂಟೆ ಹೇಳಿ. ಅದನ್ನು ಮತ್ತೆ ತಪ್ಪಿಸಬೇಡಿ, ಪಾಳಿಯ ಹಿರಿಯರಿಗೆ ಫೋನ್ ಕೊಟ್ಟಾದರೂ ಸರಿ.

ಪ್ರಸಂಗದಲ್ಲಿ ಮಕ್ಕಳ ಕಥೆ ಹೇಳುವ ಮುಂಚೆ ಅವರನ್ನು ಕೇಳಿ. ಹೊಗಳಿಕೆಯಾದರೂ ಕೇಳಬೇಕು. ಹತ್ತು ದಾಟಿದ ಮಕ್ಕಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು. "ಪಾಸ್ಟರ್ ಮಗಳಾಗಿ ಹೀಗೆ ಮಾಡಬಹುದಾ?" ಎಂಬ ಮಾತು ಮನೆಯಲ್ಲಿ ಹುಟ್ಟದಿರಲಿ, ಸಭೆಯಲ್ಲಿ ಯಾರಾದರೂ ಹೇಳಿದರೆ ಮಗುವಿನ ಎದುರಿಗೇ ಮೃದುವಾಗಿ ತಡೆಯಿರಿ. ಬೈಬಲಿನ 1 ತಿಮೊಥೆಯ 3:4-5 ಮನೆಯನ್ನು ನಡೆಸುವ ಹೊಣೆಯನ್ನು ಸಭೆಯ ಹಿರಿಯನ ಮೇಲೆ ಇಡುತ್ತದೆ. ತಂದೆಯ ಹೆಸರು ಕಾಯುವ ಹೊಣೆಯನ್ನು ಮಕ್ಕಳ ತಲೆಗೆ ಕಟ್ಟಲು ಆ ವಚನವನ್ನು ತಿರುಗಿಸುವುದು ತಪ್ಪು ಓದು.

ಭಾನುವಾರ ಬೆಳಿಗ್ಗೆಯ ಗಲಾಟೆಗೆ ಮದ್ದು ಶನಿವಾರ ಸಂಜೆಯಲ್ಲಿದೆ. ಬಟ್ಟೆ, ಬೂಟು, ಬೈಬಲ್ ಎಲ್ಲ ರಾತ್ರಿಯೇ ಒಂದು ಕಡೆ. ನೀವು ಬೇಗ ಹೊರಡುವುದರಿಂದ ಚಿಕ್ಕ ಮಕ್ಕಳನ್ನು ಕರೆತರಲು, ಆರಾಧನೆಯಲ್ಲಿ ಪಕ್ಕ ಕೂರಲು ನಂಬಿಕೆಯ ಒಂದು ಕುಟುಂಬವನ್ನು ಗೊತ್ತು ಮಾಡಿ.

ಕುಟುಂಬ ಪ್ರಾರ್ಥನೆ ಹತ್ತು ನಿಮಿಷ ಸಾಕು. ಒಂದು ಹಾಡು, ಕೆಲವು ವಚನ, ಸರದಿಯಲ್ಲಿ ಒಬ್ಬೊಬ್ಬರ ಪ್ರಾರ್ಥನೆ. ಅದು ಎರಡನೇ ಪ್ರಸಂಗವಾಗದಿರಲಿ.

ವರ್ಷದ ಲೆಕ್ಕ

ವರ್ಷದ ಆರಂಭದಲ್ಲಿ ಹಿರಿಯರ ಜೊತೆ ಕೂರುವ ಮುಂಚೆ ಮಕ್ಕಳ ಪರೀಕ್ಷೆ, ರಜೆ, ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಕ್ಯಾಲೆಂಡರಿಗೆ ಹೋಗಲಿ. ವಿಶೇಷ ಕೂಟಗಳ ದಿನಾಂಕ ಆಮೇಲೆ. ವಾರದ ಬಿಡುವು, ವರ್ಷದ ರಜೆ, ಪಾಳಿಯ ವ್ಯವಸ್ಥೆ ಮೂರನ್ನೂ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಒಪ್ಪಂದ ಸಮಿತಿ ಬದಲಾದ ಕೂಡಲೇ ಅಳಿಸಿ ಹೋಗುತ್ತದೆ.

ಕ್ರಿಸ್ಮಸ್ ತಿಂಗಳು ಮತ್ತು ಈಸ್ಟರ್‌ಗೆ ಮುಂಚಿನ ಪರಿಶುದ್ಧ ವಾರದಲ್ಲಿ ಸಮತೋಲನ ಹುಡುಕಬೇಡಿ, ಸಿಗುವುದಿಲ್ಲ. ಎರಡು ವಾರ ಮುಂಚೆಯೇ "ಇಂಥ ದಿನದಿಂದ ಇಂಥ ದಿನದ ತನಕ ಹೀಗೆಯೇ" ಎಂದು ಮನೆಯಲ್ಲಿ ಹೇಳಿ, ಕ್ರಿಸ್ಮಸ್ ಮರುದಿನದಿಂದ, ಈಸ್ಟರ್ ಮರುದಿನದಿಂದ ಕನಿಷ್ಠ ಮೂರು ದಿನ ಖಾಲಿ ಬಿಡಿ. ವರ್ಷಕ್ಕೆ ಎರಡು ಭಾನುವಾರವಾದರೂ ಪೂರ್ತಿ ರಜೆ ಬೇಕು. ಆ ಎರಡಕ್ಕೂ ಪ್ರಸಂಗಿಗಳನ್ನು ಮೂರು ತಿಂಗಳು ಮುಂಚೆ ಗೊತ್ತು ಮಾಡಿ. ಕೊನೆಯ ವಾರ ಹುಡುಕಿದರೆ ಯಾರೂ ಸಿಗದೆ ರಜೆಯೇ ರದ್ದಾಗುತ್ತದೆ.

ಇಷ್ಟಾದರೂ ಮಕ್ಕಳು ನಿಮ್ಮನ್ನು ಏನೂ ಕೇಳುವುದನ್ನೇ ನಿಲ್ಲಿಸಿದರೆ, ಸಂಗಾತಿಗೆ ನಿಮ್ಮ ಸುದ್ದಿ ಸಭೆಯವರಿಂದ ತಿಳಿಯುತ್ತಿದ್ದರೆ, ವೇದಿಕೆಯ ಮೇಲಲ್ಲದೆ ಬೇರೆಲ್ಲೂ ನೀವು ಪ್ರಾರ್ಥಿಸದಿದ್ದರೆ, ಒಂದು ತಿಂಗಳ ಡೈರಿ ತೆರೆದು ಸೇವೆಗೆ ಹೋದ ಭಾಗಗಳನ್ನು ಎಣಿಸಿ. ವಾರಕ್ಕೆ 14 ದಾಟಿದ್ದರೆ ಯಾವ ಎರಡನ್ನು ಯಾರಿಗೆ ಕೊಡುವುದೆಂದು ಮುಂದಿನ ಹಿರಿಯರ ಸಭೆಗೇ ತನ್ನಿ. ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದಿದ್ದರೆ ವೈದ್ಯರನ್ನು ಕಾಣಿ. ಅದನ್ನು ವಿಶ್ವಾಸದ ಕೊರತೆ ಎಂದು ಮುಚ್ಚಿಡಬೇಡಿ. ಆ ಅವಧಿಯಲ್ಲಿ ಆರಾಧನೆಯನ್ನು ಇನ್ನೊಬ್ಬರು ನಡೆಸಲಿ, ನೀವು ಮನೆಯವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂರಿ.